ಹಮೀದಾಕನ ಸ್ವಂತ ವಿಳಾಸ

ಫೋನಿನಲ್ಲಿ ತಮ್ಮ ಇ-ಮೇಲ್ ವಿಳಾಸವನ್ನು ಹಮೀದಾಕ ಕುಳಿತು ಹೇಳಿದ್ದನ್ನು ನಾನು ನೋಡಿಲ್ಲ. ಎದ್ದು, ವರ್ಕ್‌ಶಾಪಿನ ಬಾಗಿಲಿಗೆ ಬಂದು, ಪಾಣೆಮಂಗಳೂರಿನ ಪೇಟೆಗೆ ಮುಖ ಮಾಡಿ, ಒಂದೊಂದು ಅಕ್ಷರಕ್ಕೂ ಬಲಗೈಯನ್ನು ಮೇಲಿಂದ ಕೆಳಕ್ಕೆ ಬೀಸಿ ಹೇಳುತ್ತಿದ್ದರು. ವರ್ಷಗಟ್ಟಲೆ ಲೇತ್ ಮಿಷನಿನ ಪಕ್ಕ ನಿಂತ ಕಿವಿ. ತಮಗೆ ಕೇಳಿಸುವಷ್ಟು ಜೋರಾಗಿ ಹೇಳದಿದ್ದರೆ ಆಚೆಯವರಿಗೂ ಕೇಳಿಸಲಿಕ್ಕಿಲ್ಲ ಎಂಬುದು ಅವರ ನಂಬಿಕೆ. "ಪಿ! ಪಿ ಫಾರ್ ಪಾಣೆಮಂಗಳೂರು! ಆಯ್ತಾ? ಇನ್ನು ಎ!" ಎದುರಿನ ಒಣಮೀನಿನ ಅಂಗಡಿಯವರಿಗೆ, ರಿಕ್ಷಾ ಪಾರ್ಕಿನವರಿಗೆ, ಕಂಪ್ಯೂಟರನ್ನು ಕಣ್ಣಾರೆ ಕಾಣದವರಿಗೂ ಆ ವಿಳಾಸ ಬಾಯಿಪಾಠವಾಗಿತ್ತು.

ಅವರು ಮಾಡುತ್ತಿದ್ದದ್ದು ಹೋಟೆಲುಗಳಿಗೆ ಬೇಕಾದ ತೆಂಗಿನಕಾಯಿ ಹೆರೆಯುವ ಮಿಷನ್. ಊರಿನವರು ಮುಂಬೈಯಲ್ಲಿ, ಪುಣೆಯಲ್ಲಿ, ಗಲ್ಫಿನಲ್ಲಿ ಎಲ್ಲೆಲ್ಲಿ ಹೋಟೆಲು ಇಟ್ಟರೋ ಅಲ್ಲೆಲ್ಲ ಹಮೀದಾಕನ ಮಿಷನ್ ಇತ್ತು. ಪ್ರತಿ ಮಿಷನಿನ ಸ್ಟೀಲ್ ತಗಡಿನ ಮೇಲೆ ಅಕ್ಷರದ ಪಂಚ್ ಇಟ್ಟು, ಸುತ್ತಿಗೆಯಲ್ಲಿ ಬಡಿದು, ತಮ್ಮ ಹೆಸರು ಕೂರಿಸುತ್ತಿದ್ದರು. "ಪೈಂಟ್ ಹೋಗ್ತದೆ, ಸ್ಟಿಕ್ಕರ್ ಹೋಗ್ತದೆ. ಪೆಟ್ಟು ಕೊಟ್ಟು ಬರೆದದ್ದು ಹೋಗುದಿಲ್ಲ ಟೀಚರೇ" ಎನ್ನುತ್ತಿದ್ದರು. ಟೀಚರ್ ಎಂದರೆ ನಾನು. ಬಿ.ಸಿ.ರೋಡಿನಲ್ಲಿ ಒಂದು ಮಹಡಿಯ ಮೇಲೆ ನಾಲ್ಕು ಕಂಪ್ಯೂಟರ್ ಇಟ್ಟು ಕ್ಲಾಸು ನಡೆಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಒಂದು ಮಧ್ಯಾಹ್ನ ಅವರು ಕೈಗೆ ಅಂಟಿದ ಗ್ರೀಸನ್ನು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ದುಬೈಯ ಹೋಟೆಲೊಂದು ಅವರ ಮಿಷನಿನ ದರ ಕೇಳಿತ್ತು. ಇವರು ತಮ್ಮ ಪುಕ್ಕಟೆ ಇ-ಮೇಲ್‌ನಿಂದ ಉತ್ತರ ಬರೆಸಿದರೆ, ಅವರು "ಕಂಪೆನಿಯ ವಿಳಾಸದಿಂದ ಕಳಿಸಿ, ಇಂಥದ್ದನ್ನು ನಾವು ನೋಡುವುದಿಲ್ಲ" ಎಂದಿದ್ದರಂತೆ.

"ಕಂಪೆನಿ ಅಂದರೆ ಎಂತ? ನಾನೇ ಅಲ್ವಾ ಕಂಪೆನಿ?" ಹಮೀದಾಕನಿಗೆ ಸಿಟ್ಟು ನೆತ್ತಿಗೇರಿತ್ತು.

ನಾನು ಪಾಠ ಶುರುಮಾಡಿದೆ. ಪುಕ್ಕಟೆ ವಿಳಾಸವೆಂದರೆ ಬಾಡಿಗೆ ರೂಮು, ಅಲ್ಲಿ ಎಲ್ಲರ ಹೆಸರಿನ ಮುಂದೆಯೂ ಮನೆ ಯಜಮಾನನ ಹೆಸರೇ ಇರುತ್ತದೆ, ನಮ್ಮದೇ ಒಂದು ಹೆಸರನ್ನು ನೋಂದಾಯಿಸಿಕೊಂಡರೆ ಅದಕ್ಕೆ ಡೊಮೈನ್ ಎನ್ನುತ್ತಾರೆ, ಆಮೇಲೆ 'ಎಟ್' ಚಿಹ್ನೆಯ ಮುಂದೆ ಬರುವುದು ನಮ್ಮದೇ ಹೆಸರು ಎಂದೆಲ್ಲ ಹೇಳಿದೆ.

"ಅಂದರೆ ಸ್ವಂತ ಅಂಗಡಿಗೆ ಸ್ವಂತ ಬೋರ್ಡು. ಇಷ್ಟು ಹೇಳ್ಲಿಕ್ಕೆ ಅರ್ಧ ಗಂಟೆ ಬೇಕಾ? ಮಾಡಿ. ನನ್ನ ಹೆಸರಲ್ಲೇ ಮಾಡಿ."

ಮಾಡಬೇಕಾದರೆ ಕ್ರೆಡಿಟ್ ಕಾರ್ಡು ಬೇಕಿತ್ತು. ಅದು ಅವರಲ್ಲೂ ಇಲ್ಲ, ನನ್ನಲ್ಲೂ ಇಲ್ಲ. ಇದ್ದದ್ದು ಸುಧಾಕರಣ್ಣನ ಹತ್ತಿರ. ಅವರು ಮೂಡುಬಿದಿರೆ ಕಡೆಯವರು, ಮುಂಬೈಯಲ್ಲಿ ಹೋಟೆಲು ಸಾಮಾನಿನ ಡೀಲರು, ಹಮೀದಾಕನ ಮಿಷನುಗಳನ್ನು ಅಲ್ಲಿ ಮಾರುತ್ತಿದ್ದವರು. ಊರಿಗೆ ಬಂದಿದ್ದ ಅವರು ನಗುನಗುತ್ತಾ ಕಾರ್ಡು ತೆಗೆದು ಕೊಟ್ಟರು. "ದುಡ್ಡಿನ ಮಾತು ಬೇಡ ಹಮೀದಾಕ, ಇದು ನನ್ನ ಲೆಕ್ಕದಲ್ಲಿ" ಎಂದರು. ಫಾರಮಿನಲ್ಲಿ 'ಮಾಲಕರ ಹೆಸರು' ಎಂಬ ಕಡೆ ನಾನು ಸುಧಾಕರಣ್ಣನ ಹೆಸರನ್ನು ಟೈಪು ಮಾಡಿದೆ. ನಮ್ಮಲ್ಲಿ ಜಾತ್ರೆಗಿರಲಿ, ಉರೂಸಿಗಿರಲಿ, ಯುವಕ ಮಂಡಲಕ್ಕಿರಲಿ, ದುಡ್ಡು ಯಾರ ಕೈಯಿಂದ ಬಂತೋ ರಸೀದಿ ಅವರ ಹೆಸರಿಗೆ ಹರಿಯುವುದು ಕ್ರಮ. ಕೊಟ್ಟವರ ಹೆಸರು ಹಾಕದಿದ್ದರೆ ಮರ್ಯಾದೆ ಅಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಒಂದೆರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಹಮೀದಾಕನ ಮಗಳು ಜುಹರಾ ಸಂಜೆ ಕಾಲೇಜು ಬಿಟ್ಟು ಬಂದವಳು ನನ್ನಲ್ಲಿ ಕೂತು ಮೇಲ್ ಓದಿ ಹೇಳುವಳು, ಅವರು ಹೇಳಿದ ಉತ್ತರವನ್ನು ಬರೆಯುವಳು. ದುಬೈಗೆ ಮಿಷನ್ ಹೋಯಿತು. ಮಿಷನಿನ ತಗಡಿನ ಮೇಲೆ ಹೆಸರಿನ ಕೆಳಗೆ ಊರು, ಫೋನ್ ನಂಬರ್ ಬಿದ್ದವು. ಆಮೇಲೆ ಸುಧಾಕರಣ್ಣ ಒಂದು ಕಟ್ಟು ಸ್ಟಿಕ್ಕರ್ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದರು. ಆ ದಿನ ಅಲ್ಲಿ ನಾನೂ ಇದ್ದೆ.

"ಹಮೀದಾಕ, ಇನ್ನು ಮಿಷನಿನ ಮೇಲೆ ನಿಮ್ಮ ಹೆಸರು ಬೇಡ. ನನ್ನ ಕಂಪೆನಿಯ ಈ ಸ್ಟಿಕ್ಕರ್ ಹಾಕುವ. ಇ-ಮೇಲ್ ಎಲ್ಲ ನಾನೇ ನೋಡಿಕೊಳ್ತೇನೆ, ನಿಮಗೆ ಆ ತಲೆಬಿಸಿ ಯಾಕೆ? ಈಗಿನ ಎರಡರಷ್ಟು ಆರ್ಡರ್ ಕೊಡ್ತೇನೆ."

ಹಮೀದಾಕ ಒಂದು ಸ್ಟಿಕ್ಕರನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಒಳ್ಳೇ ಪ್ರಿಂಟಿಂಗ್" ಎಂದರು. ಹೊರಗೆ ಹೋಗಿ ಅದನ್ನು ಸುಧಾಕರಣ್ಣನ ಕಾರಿನ ಹಿಂದಿನ ಗಾಜಿಗೆ ನೀಟಾಗಿ ಅಂಟಿಸಿ ಬಂದರು. "ಅದು ನಿಮ್ಮ ಕಾರು, ಅದಕ್ಕೆ ನಿಮ್ಮ ಹೆಸರು. ಇದು ನನ್ನ ಮಿಷನ್."

ಮಾರನೆಯ ಬೆಳಿಗ್ಗೆ ಪಾಸ್‌ವರ್ಡ್ ಹಿಡಿಯಲಿಲ್ಲ. ನೋಂದಣಿಯವರಿಗೆ ಫೋನು ಮಾಡಿದೆ. ಮಾಲಕರೇ ಬದಲಾಯಿಸಿದ್ದಾರೆ, ಮಾಲಕರು ಹೇಳದೆ ಏನೂ ಮಾಡಲಾಗದು ಎಂದರು. ಮಾಲಕರು ಯಾರು? ನಾನೇ ಟೈಪು ಮಾಡಿದ ಹೆಸರು! ಸುಧಾಕರಣ್ಣನಿಗೆ ಫೋನು ಮಾಡಿದರೆ ಒಂದು ಶರತ್ತು ಹಾಕಿದರು. ಹಮೀದಾಕ ಎಂದು ನಂಬಿ ಜನ ಬರೆಯುವ ಕಾಗದಗಳೆಲ್ಲ ಇನ್ನು ಮುಂಬೈಯಲ್ಲಿ ತೆರೆಯುತ್ತವೆ. ಪಾಣೆಮಂಗಳೂರಿಗೆ ನಡೆದುಕೊಂಡೇ ಹೋಗಿ, ವಿಷಯ ಹೇಳಿ, ಲೇತಿನ ಪಕ್ಕದಲ್ಲಿ ನಿಂತು ಅತ್ತೆ.

"ಅಳಬೇಡಿ ಟೀಚರೇ. ತಪ್ಪು ನಿಮ್ಮದೇ, ಹೌದು. ಆದರೆ ಅಳಬೇಡಿ" ಎಂದರು ಹಮೀದಾಕ. ಆಮೇಲೆ ಬೆಂಚಿಗೆ ಕೈಯೂರಿ ಕೇಳಿದರು: "ನನ್ನ ಹೆಸರಿಗೆ ಅವ ಮಾಲಕನಾ? ಎಂತ ಮಾಡಿದರೆ ವಾಪಸು ಕೊಡ್ತಾನಂತೆ?"

"ಸ್ಟಿಕ್ಕರ್ ಹಾಕಿದರೆ ಕೊಡ್ತಾರಂತೆ."

"ಹಾಗಾದರೆ ಅವನೇ ಇಟ್ಟುಕೊಳ್ಳಲಿ! ಬೇರೆ ತೆಗೆಯುವ. ಊರಿನ ಹೆಸರು ಹಾಕಿ. ಇಡೀ ಪಾಣೆಮಂಗಳೂರಿಗೆ ಮಾಲಕ ಆಗ್ಲಿಕ್ಕೆ ಅವನಿಂದ ಆಗ್ತದಾ ನೋಡುವ."

ಉದ್ದವಾಗುತ್ತದೆ, ಜನ ತಪ್ಪು ಬರೆಯುತ್ತಾರೆ, ಎಲ್ಲರೂ ಚಿಕ್ಕ ಹೆಸರನ್ನೇ ಇಡುವುದು ಎಂದೆ. "ಊರು ಅಷ್ಟು ಉದ್ದ ಉಂಟು, ನಾನೆಂತ ಮಾಡುದು?" ಎಂದರು. ಈ ಸಲ ಕಾರ್ಡಿನ ಹಂಗೇ ಬೇಡವೆಂದು ಡಿ.ಡಿ. ತೆಗೆದುಕೊಳ್ಳುವ ಕಂಪೆನಿಯೊಂದನ್ನು ಹುಡುಕಿದೆ. ಬಂಟ್ವಾಳದ ಬ್ಯಾಂಕಿನಲ್ಲಿ ತಾವೇ ಸಾಲಿನಲ್ಲಿ ನಿಂತು ಡಿ.ಡಿ. ಮಾಡಿಸಿ ತಂದರು. ಮಾಲಕರ ಹೆಸರು ತುಂಬಿಸುವಾಗ ಮಾನಿಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಕನ್ನಡಕ ಏರಿಸಿ, ಪ್ರತಿ ಅಕ್ಷರದ ಮೇಲೂ ಬೆರಳಿಟ್ಟು ಓದಿದರು. ಪರದೆಯ ಮೇಲೆ ಸಾಲಾಗಿ ಗ್ರೀಸಿನ ಗುರುತುಗಳಾದವು.

ವಿಳಾಸವೇನೋ ಆಯಿತು. ಅದು ಗಿರಾಕಿಗಳಿಗೆ ಗೊತ್ತಾಗಬೇಕಲ್ಲ? ಎಲ್ಲರಿಗೂ ಪೋಸ್ಟ್ ಕಾರ್ಡು ಹಾಕುವ ಎಂದೆ. ಹಮೀದಾಕ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಮದುವೆ ಕಾಗದವನ್ನು ಪೋಸ್ಟಲ್ಲಿ ಹಾಕಿದರೆ ನೀವು ಹೋಗ್ತೀರಾ?"

"ಇಲ್ಲ."

"ಮತ್ತೆ? ಮನೆಗೆ ಹೋಗಿ, ಬಾಯಲ್ಲಿ ಹೇಳಬೇಕು. ಇದಕ್ಕೂ ಹೇಳಿಕೆಯೇ."

ಆದರೆ ಹೇಳಿ ಬಂದದ್ದು ಮರೆತುಹೋಗಬಾರದು, ಅದಕ್ಕೆ ಹೋದಲ್ಲೆಲ್ಲ ಹಳೆಯ ಮಿಷನುಗಳ ಮೇಲೆ ಹೊಸ ವಿಳಾಸವನ್ನು ಬಡಿದೇ ಬರುವುದೆಂದು ಹಟ ಹಿಡಿದರು. ಅವರ ಪಂಚ್ ಪೆಟ್ಟಿಗೆಯಲ್ಲಿ ಎ-ಯಿಂದ ಜೆಡ್‌ವರೆಗೆ ಅಕ್ಷರ ಇತ್ತು, ಅಂಕಿ ಇತ್ತು, ಚುಕ್ಕೆ ಇತ್ತು. 'ಎಟ್' ಚಿಹ್ನೆ ಇರಲಿಲ್ಲ. ಮಂಗಳೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಅಂಥದ್ದು ಬರುವುದೇ ಇಲ್ಲ ಎಂದು ನಕ್ಕರಂತೆ. ಒಂದು ಮುರಿದ ಉಳಿಯನ್ನು ಹಿಡಿದು ಮೂರು ದಿನ ಅರದಲ್ಲಿ ಉಜ್ಜಿ, ಕೆತ್ತಿ, ಕಾಯಿಸಿ, ನೀರಿಗದ್ದಿ ತಾವೇ ಒಂದನ್ನು ಮಾಡಿದರು. ಮೊದಲನೆಯದು ಉಲ್ಟಾ ಬಿತ್ತು. ತಮಗೆ ತಾವೇ ಬೈದುಕೊಂಡು ಎರಡನೆಯದು ಮಾಡಿದರು.

ಮೊದಲು ಪುಂಜಾಲಕಟ್ಟೆ, ಬೆಳ್ತಂಗಡಿ, ಮೂಡುಬಿದಿರೆಯ ಹೋಟೆಲುಗಳು. ಸುಧಾಕರಣ್ಣನ ಊರೆಂದು ಮೂಡುಬಿದಿರೆಯಲ್ಲಿ ಒಂದು ದಿನ ಹೆಚ್ಚೇ ನಿಂತರು. ಆಮೇಲೆ ಸುತ್ತಿಗೆ, ಪಂಚ್ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಮುಂಬೈ ಬಸ್ಸು ಹತ್ತಿದರು. ಅಲ್ಲಿ ಹೋಟೆಲಿನ ಎದುರು ಬಾಗಿಲಿಂದ ಹೋಗಲಿಲ್ಲ, ಹಿಂದಿನ ಅಡುಗೆಮನೆಯಿಂದ ಹೋದರು. ಮಿಷನ್ ಕೆಟ್ಟರೆ ಗೊತ್ತಾಗುವುದು ಧಣಿಗಲ್ಲ, ಅಡುಗೆ ಭಟ್ಟರಿಗೆ ಎಂದು ಅವರಿಗೆ ತಿಳಿದಿತ್ತು. ನೆರಿಯ ಊರಿನ ಕಡೆಯ ಭಟ್ಟರೊಬ್ಬರು ಚಟ್ನಿಗೆ ಹೊತ್ತಾಗುತ್ತದೆಂದು ಗೊಣಗಿದರೆ, "ಒಂದು ದೋಸೆ ಕಡಿಮೆ ಮಾರಿ ಮಾರಾಯ್ರೆ, ಇದು ನನ್ನ ಹೆಸರಿನ ವಿಷಯ" ಎಂದು ಬಡಿದೇ ಬಿಟ್ಟರಂತೆ. ಹದಿನೆಂಟು ದಿನ ತಿರುಗಿ ಬಂದಾಗ ಬಲಗೈ ಊದಿಕೊಂಡಿತ್ತು.

ಎಲ್ಲ ಗಿರಾಕಿಗಳೂ ತಿರುಗಿ ಬಂದರು ಎಂದರೆ ಸುಳ್ಳಾದೀತು. ಅರ್ಧದಷ್ಟು ಬಂದರು. ದುಬೈಯವರು ಬರಲೇ ಇಲ್ಲ. ಹೊಸ ವಿಳಾಸಕ್ಕೆ ಬಂದ ಮೊದಲ ಮೇಲ್ ಅದೇ ಭಟ್ಟರದು. ಅವರು ಯಾರಿಂದಲೋ ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆಸಿ, ಬ್ಲೇಡು ಸವೆದಿದೆ, ಬೇಗ ಕಳಿಸಿ ಎಂದಿದ್ದರು. ಜುಹರಾ ಅದನ್ನು ಓದಿದಾಗ ಹಮೀದಾಕ ಇನ್ನೊಮ್ಮೆ ಓದಿಸಿದರು, ಮತ್ತೊಮ್ಮೆ ಓದಿಸಿದರು.

ಅವರನ್ನು ನಾನು ಕೊನೆಗೆ ನೋಡಿದ್ದು ಅದೇ ಮಹಡಿಯಲ್ಲಿ. ಅಷ್ಟರಲ್ಲಿ ಕಾಯಿಲೆ ಅವರನ್ನು ಅರ್ಧ ಮಾಡಿತ್ತು. ಜುಹರಾಳ ಹೆಗಲು ಹಿಡಿದು, ಮೆಟ್ಟಿಲಿಗೊಂದು ಸಲ ನಿಂತು, ಹತ್ತಿ ಬಂದರು. ಕೂತು, ಉಸಿರು ತೆಗೆದುಕೊಂಡು, ಜೇಬಿನಿಂದ ಡಿ.ಡಿ. ತೆಗೆದಿಟ್ಟರು.

"ಹೆಚ್ಚೆಂದರೆ ಎಷ್ಟು ವರ್ಷಕ್ಕೆ ಕಟ್ಟಬಹುದು ಅಂತ ಹೇಳಿದ್ರಿ?"

"ಹತ್ತು."

"ಹತ್ತಕ್ಕೂ ಉಂಟು. ಮಾಡಿ."

ಪರದೆಯ ಮೇಲೆ ಹತ್ತು ವರ್ಷ ಮುಂದಿನ ತಾರೀಕನ್ನು ಅವರು ಬಹಳ ಹೊತ್ತು ನೋಡಿದರು. "ಡಾಕ್ಟರ ಹತ್ತಿರ ಒಂದು ವರ್ಷ ಕೇಳಿದೆ ಟೀಚರೇ, ಕೊಡ್ಲಿಲ್ಲ. ಇವರು ನೋಡಿ, ಎಂತ ಏನು ಕೇಳದೆ ಹತ್ತು ಕೊಟ್ಟುಬಿಟ್ಟರು!" ಎಂದು ನಕ್ಕರು.

"ಈಗ ಮಾಲಕರ ಹೆಸರು ಬದಲಿಸಿ. ಜುಹರಾ."

"ಬೇಡ ಉಪ್ಪಾ" ಎಂದಳು ಅವಳು ಅಪ್ಪನಿಗೆ. "ಸೋದರಮಾವನವರು ಮೊದಲೇ ಹೇಳ್ತಿದ್ದಾರೆ, ಹೆಣ್ಣುಮಗಳ ಹೆಸರಿಗೆ ವರ್ಕ್‌ಶಾಪ್ ಎಂತಕ್ಕೆ ಅಂತ."

"ಅವರು ಹೇಳಲಿ. ಬಾಯಿ ಅವರದ್ದು. ಹೆಸರು ನಿನ್ನದು" ಎಂದು ಹಮೀದಾಕ ಮಾನಿಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ನಾನು ಟೈಪು ಮಾಡಿದೆ. ಮಗಳ ಹೆಸರಿನ ಪ್ರತಿ ಅಕ್ಷರವನ್ನೂ ಅವರು ಬಾಯಿಬಿಟ್ಟು ಓದಿದರು. ಆ ದಿನ ಮಾತ್ರ ಅವರ ದನಿ ಮೆಲ್ಲಗಿತ್ತು.

ಅವರು ಹೋಗಿ ನಲವತ್ತು ದಿನವೂ ಆಗಿರಲಿಲ್ಲ, ಸುಧಾಕರಣ್ಣನ ಫೋನು ಬಂತು. ಪಾಪ, ಒಳ್ಳೆಯವರು ಎಂದೆಲ್ಲ ಹೇಳಿ, ಆಮೇಲೆ ವಿಷಯಕ್ಕೆ ಬಂದರು. ಆ ಪಾಣೆಮಂಗಳೂರಿನ ಹೆಸರನ್ನು ಇನ್ನು ಯಾರು ನೋಡಿಕೊಳ್ಳುತ್ತಾರೆ, ಒಳ್ಳೆಯ ಬೆಲೆ ಕೊಡುತ್ತೇನೆ, ನೀವೇ ಒಮ್ಮೆ ಮಾತಾಡಿ ಕೊಡಿಸಿ ಎಂದರು.

"ನಾನು ಯಾರು ಕೊಡಿಸ್ಲಿಕ್ಕೆ? ಮಾಲಕರಿಗೇ ಮೇಲ್ ಹಾಕಿ. ಉತ್ತರ ಬರ್ತದೆ" ಎಂದು ಫೋನಿಟ್ಟೆ.

ಹಾಕಿದರು. ಸಂಜೆ ಜುಹರಾ ಮಹಡಿ ಹತ್ತಿ ಬಂದಳು, ಕೈಯಲ್ಲಿ ಗ್ರೀಸು. ಅದನ್ನು ಓದಿ, ನನ್ನ ಸಹಾಯ ಕೇಳದೆ, ಎರಡೇ ಸಾಲು ಟೈಪು ಮಾಡಿ ಕಳಿಸಿದಳು.

"ಮಿಷನ್ ಬೇಕಾದರೆ ಬರೆಯಿರಿ, ಮಾಡಿ ಕೊಡ್ತೇನೆ. ಹೆಸರು ಮಾರುದಿಲ್ಲ."