ನೀರು ಬಸಿದ ಪೆಟ್ಟಿಗೆಯೊಂದಿಗೆ ಉಮ್ಮ್ ಸಲಾಲ್‌ಗೆ

ಬೆಳಿಗ್ಗೆ ಏಳಕ್ಕೆ ದೋಹಾದ ಅಲ್ ಸದ್ದ್‌ನಿಂದ ಕಚೇರಿಯ ವ್ಯಾನಿನಲ್ಲಿ ಹೊರಟೆ. ಎರಡು ರಿಯಾಲಿನ ಕರಕ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಆಗಸ್ಟ್ ತಿಂಗಳು ಬೇರೆ. ನಲವತ್ತು ಕಿಲೋಮೀಟರ್ ದೂರದ ಹಮದ್ ಬಂದರಿನಿಂದ ಒಂದು ಪೆಟ್ಟಿಗೆ ತಂದು, ದೋಹಾ ದಾಟಿ, ಉಮ್ಮ್ ಸಲಾಲ್‌ನಲ್ಲಿರುವ ನಮ್ಮ ಅರ್ಬಾಬರ, ಅಂದರೆ ಯಜಮಾನರ, ಮನೆಗೆ ಮುಟ್ಟಿಸಬೇಕಿತ್ತು.

ಪೆಟ್ಟಿಗೆಯಲ್ಲಿದ್ದದ್ದು ಎರಡು ರೈಫಲ್. ನೂರು ವರ್ಷಗಳ ಹಿಂದೆ ಮುಳುಗಿದ ಯುದ್ಧನೌಕೆಯಿಂದ ಎತ್ತಿದವು. ಹಳೆಯ ಸೈನಿಕರ ಬಂದೂಕು ಸಂಗ್ರಹಿಸುವುದು ಅರ್ಬಾಬರ ಹುಚ್ಚು. ಇವಕ್ಕೆ ಪರವಾನಗಿ ಸಿಗಲು ಎರಡು ವರ್ಷ ಕಾದಿದ್ದರು. ಹಿಂದಿನ ದಿನ ಫೋನಿನಲ್ಲಿ ಒತ್ತಿ ಹೇಳಿದ್ದರು: "ಅವು ನೀರಿನಲ್ಲೇ ಬರುತ್ತವೆ. ಮರದ ಹಿಡಿ ಒಣಗಿದರೆ ಸೀಳಿಹೋಗುತ್ತದೆ, ಖಲಾಸ್." ಅದನ್ನು ಬಂದರಿನ ಇಬ್ರಾಹಿಂ ಭಾಯ್‌ಗೆ ತಿಳಿಸಬೇಕಿತ್ತು. ನಾನು ಮರೆತೇಬಿಟ್ಟಿದ್ದೆ.

ಉಳ್ಳಾಲದ ಇಬ್ರಾಹಿಂ ಭಾಯ್ ಇಪ್ಪತ್ತು ವರ್ಷಗಳಿಂದ ಸರಕು ಬಿಡಿಸಿಕೊಡುವ ಕೆಲಸದವರು. ಶೆಡ್ಡಿನ ಬಾಗಿಲಲ್ಲೇ ನಗುತ್ತ ನಿಂತಿದ್ದರು.

"ಶೆಟ್ರೇ, ಪೆಟ್ಟಿಗೆ ತುಂಬ ನೀರು ಮಾರಾಯ್ರೆ! ಹಡಗಿನಲ್ಲಿ ನುಗ್ಗಿದ್ದು ಕಾಣ್ತದೆ. ಬಿರಡೆ ತೆಗೆದು ಎಲ್ಲ ಬಸಿದಿದ್ದೇನೆ, ನೀವು ಹೆದರ್ಬೇಡಿ."

ಅವರನ್ನು ಬೈಯುವುದಾದರೂ ಹೇಗೆ? ಸರಕಿನವರಿಗೆ ನೀರು ಕಂಡರೆ ಕೈ ಸುಮ್ಮನಿರುವುದಿಲ್ಲ. ಅರ್ಬಾಬರು ಹೇಳಿದ್ದನ್ನು ತಿಳಿಸಿದೆ. ಅವರ ಮುಖ ಬಿಳಿಚಿಕೊಂಡಿತು.

"ಯಾ ಅಲ್ಲಾ! ಒಂದು ಫೋನು ಮಾಡ್ಲಿಕ್ಕೆ ಎಂತ ಕಷ್ಟ ಇತ್ತು ನಿಮಗೆ? ಬಸಿದು ಅರ್ಧ ಗಂಟೆ ಆಯ್ತು!"

ಮುಚ್ಚಳ ತೆಗೆದೆವು. ಸುತ್ತಿದ್ದ ಬಟ್ಟೆ ಅಡಿಯಲ್ಲಿ ಒದ್ದೆ, ಮೇಲೆ ಆಗಲೇ ಬಿಸಿ. ನಲ್ಲಿ ತಿರುಗಿಸಿದರೆ ಕುದಿಯುವಂಥ ನೀರು. ಇಬ್ರಾಹಿಂ ಭಾಯ್ ಒಮ್ಮೆ ತಲೆ ಕೆರೆದುಕೊಂಡರು, ಆಮೇಲೆ "ಯಲ್ಲಾ!" ಎಂದು ಅಕ್ಕಿಯ ಖಾಲಿ ಗೋಣಿಗಳನ್ನು ಎಳೆದು ತಂದರು.

"ದಡಕ್ಕೆ ಎಳೆದ ದೋಣಿಗೆ ನನ್ನ ತಂದೆ ಬೇಸಗೆಯಲ್ಲಿ ಒದ್ದೆ ಗೋಣಿ ಹೊದಿಸ್ತಿದ್ರು. ಹಲಗೆ ಬಿರಿಯಬಾರ್ದಲ್ಲ. ಇದೂ ಮರವೇ ಅಲ್ವಾ?"

ಶೆಡ್ಡಿನ ಫ್ರಿಜ್ಜಿನಲ್ಲಿದ್ದ ಕುಡಿಯುವ ನೀರಿನ ಬಾಟಲಿಗಳಲ್ಲಿ ಅರ್ಧವನ್ನು ಗೋಣಿಗಳಿಗೆ ಸುರಿದು ಬಂದೂಕುಗಳಿಗೆ ಹೊದಿಸಿದೆವು. ಉಳಿದವನ್ನು ಮಡಿಲಲ್ಲಿಟ್ಟುಕೊಂಡು ಅವರು ವ್ಯಾನಿನಲ್ಲಿ ಪೆಟ್ಟಿಗೆಯ ಪಕ್ಕವೇ ಕುಳಿತರು. ಎಸಿ ಜೋರಾಗಿ ಹಾಕಿದೆ. ದಾರಿಯುದ್ದಕ್ಕೂ ನಾನು ಕೇಳಿದ್ದು ಒಂದೇ ಪ್ರಶ್ನೆ, "ಒದ್ದೆ ಉಂಟಾ?" ಅವರ ಉತ್ತರವೂ ಒಂದೇ, "ಉಂಟು, ನೀವು ರಸ್ತೆ ನೋಡಿ!" ಒಂದು ಗಂಟೆಯ ದಾರಿ. ಹೊರಗೆ ನಲವತ್ತಮೂರು ಡಿಗ್ರಿ. ನಾಲಿಗೆ ಅಂಗುಳಕ್ಕೆ ಅಂಟಿದರೂ ಇಬ್ಬರೂ ಒಂದು ಗುಟುಕೂ ಮುಟ್ಟಲಿಲ್ಲ.

ಅರ್ಬಾಬರು ತೊಟ್ಟಿಗೆ ನೀರು ತುಂಬಿಸಿ ಕಾಯುತ್ತಿದ್ದರು. ಅವರು ಕೇಳುವ ಮೊದಲೇ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವರು ಗೋಣಿ ಸರಿಸಿದರು, ಬಟ್ಟೆ ಬಿಡಿಸಿದರು. ತುಕ್ಕಿನ ಮುದ್ದೆಗೆ ಅಂಟಿದ ಕಪ್ಪು ಮರ. ಅದರ ಮೇಲೆ ಯಾವನೋ ಸೈನಿಕ ಚಾಕುವಿನಿಂದ ಕೆತ್ತಿದ ಎರಡು ಅಕ್ಷರ. ಆ ಅಕ್ಷರಗಳ ಉದ್ದಕ್ಕೂ ಹೆಬ್ಬೆರಳು ಆಡಿಸಿದರು.

"ಒದ್ದೆಯಿದೆ. ಎಲ್ಲಿಯೂ ಬಿರಿದಿಲ್ಲ. ಮಾಫಿ ಮುಶ್ಕಿಲ್."

ತೊಂದರೆಯಿಲ್ಲ ಎಂಬ ಆ ಮಾತು ಕೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಬ್ಬಾ, ಬದುಕಿದೆ!

"ಗೋಣಿ ಯಾರ ಉಪಾಯ?" ಎಂದರು ಅರ್ಬಾಬರು. ನಾನು ಇಬ್ರಾಹಿಂ ಭಾಯ್ ಕಡೆ ಕೈ ತೋರಿಸಿದೆ. ಅವರು ನೆಲ ನೋಡುತ್ತಿದ್ದರು. ಮೂವರೂ ಸೇರಿ ಬಂದೂಕುಗಳನ್ನು ತೊಟ್ಟಿಗೆ ಇಳಿಸಿದೆವು. ನಮ್ಮ ಒಣಗಿದ ತುಟಿಗಳನ್ನು ಕಂಡು ಅರ್ಬಾಬರೇ ಒಳಗೆ ಹೋಗಿ ಎರಡು ಲೋಟ ತಣ್ಣೀರು ತಂದರು.

ನಾನು ಒಂದೇ ಉಸಿರಿಗೆ ಕುಡಿದೆ. ಇಬ್ರಾಹಿಂ ಭಾಯ್ ಲೋಟ ಹಿಡಿದುಕೊಂಡೇ ತೊಟ್ಟಿಯತ್ತ ಬಗ್ಗಿದರು. ಎರಡೂ ಬಂದೂಕು ಪೂರ್ತಿ ಮುಳುಗಿದ್ದವು. ಆಮೇಲೆ ಕುಡಿದರು.