ಕೆಂಪು ಎಳೆಯ ಝುಮಕಿ

ನಾನು ಚಿಕ್ಕವಳಿದ್ದಾಗ, ನಮ್ಮೂರು ಬನಹಟ್ಟಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ, ಓಣಿಯ ಹುಡುಗಿಯರಲ್ಲಿ ಬೋಳು ಕಿವಿಯವಳು ನಾನೊಬ್ಬಳೇ. ಹಿಂದಿನ ವರ್ಷ ಅಕ್ಕನಿಗೆ ಕಿವಿ ಚುಚ್ಚಿಸಿದ್ದರು. ತೂತು ಕೀವುಗಟ್ಟಿತು. ಎಂಟನೆಯ ದಿನ ಬೆಳಿಗ್ಗೆ ಅಂಬಲಿ ಕುಡಿಸಲು ಹೋದರೆ ಅವಳ ಬಾಯಿ ತೆರೆಯಲಿಲ್ಲ. ದವಡೆ ಕಚ್ಚಿಕೊಂಡಿತ್ತು. ಮೈ ಬಿಲ್ಲಿನಂತೆ ಸೆಟೆಯಿತು. ಮೂರು ದಿನದಲ್ಲಿ ಅಕ್ಕ ಹೋಗಿಬಿಟ್ಟಳು. ಧನುರ್ವಾಯು ಎಂದರು. ಅಂದಿನಿಂದ ನನ್ನ ಕಿವಿಯ ಹತ್ತಿರ ಸೂಜಿ ತರಲು ಅಪ್ಪ ಯಾರಿಗೂ ಬಿಡಲಿಲ್ಲ.

ಒಂದು ದಿನ ನಮ್ಮ ಓಣಿಯಲ್ಲೇ ಮದುವೆ. ನಾನೋ ಹಟಮಾರಿ, ನನಗೂ ಓಲೆ ಬೇಕೆಂದು ನೆಲದ ಮೇಲೆ ಹೊರಳಾಡಿದೆ. ಅಪ್ಪ ನೇಯುವುದನ್ನು ಬಿಟ್ಟು ಮಗ್ಗದ ಕುಣಿಯಿಂದ ಮೇಲೆದ್ದು ಬಂದ. ಅಕ್ಕನಿಗೆಂದು ತಂದು, ಅವಳು ಒಮ್ಮೆಯೂ ಹಾಕಿಕೊಳ್ಳದೆ ಹೋದ ಬೆಳ್ಳಿ ಝುಮಕಿಗಳನ್ನು ಪೆಟ್ಟಿಗೆಯಿಂದ ತೆಗೆದ. ಸೀರೆಯ ದಡಿಗೆಂದು ಇಟ್ಟಿದ್ದ ಕೆಂಪು ರೇಷ್ಮೆ ಎಳೆಗೆ ಕಟ್ಟಿ, ನನ್ನ ಕಿವಿಗಳಿಗೆ ಸುತ್ತಿ ತೂಗಿಬಿಟ್ಟ. ಅವನ ಬೆರಳುಗಳಿಗೆ ನೂಲಿಗೆ ಹಾಕುವ ಗಂಜಿಯ ಹುಳಿವಾಸನೆ ಇತ್ತು. ಅವ್ವ ಒಮ್ಮೆ ನೋಡಿ ಒಳಗೆ ಹೋದಳು.

ಮದುವೆಯ ಊಟದಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಗಸೊಬ್ಬಳು ನನ್ನ ಝುಮಕಿ ಎತ್ತಿ ನೋಡಿದಳು.

"ಅಯ್ಯ, ಇವು ಖೊಟ್ಟಿ ಓಲಿ! ದಾರಾ ಕಟ್ಯಾರ ನೋಡ್ರಿ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹುಗ್ಗಿ ಎಲೆಯಲ್ಲೇ ಬಿಟ್ಟು ಎದ್ದೆ. ಮನೆಗೆ ಓಡಿದವಳೇ ಹಿತ್ತಲ ಜಾಲಿಯ ಮುಳ್ಳು ಮುರಿದು ಬಲಗಿವಿಗೆ ಚುಚ್ಚಿಕೊಂಡೆ. ಅರ್ಧ ಹೋಗುವಷ್ಟರಲ್ಲಿ ರಕ್ತ ಕುತ್ತಿಗೆಗಿಳಿಯಿತು. ಚೀರಿದೆ.

ಓಡಿ ಬಂದ ಅಪ್ಪ ಹೊಡೆಯುತ್ತಾನೆಂದುಕೊಂಡೆ. ಅವನು ಹೊಡೆಯಲಿಲ್ಲ. ಮುಳ್ಳು ಕಿತ್ತು, ಬಿಸಿನೀರಲ್ಲಿ ತೊಳೆದು ಅರಿಸಿನ ಒತ್ತಿದ. ಮರುದಿನದಿಂದ ಬೆಳಿಗ್ಗೆ ಎಬ್ಬಿಸಿದ ಕೂಡಲೇ ಅವನದು ಒಂದೇ ಮಾತು.

"ಬಾಯಿ ತಗಿಯವ್ವಾ, ಆ ಅನ್ನು."

ನಾನು "ಆ" ಎಂದ ಮೇಲೆಯೇ ಕುಣಿಗೆ ಇಳಿಯುತ್ತಿದ್ದ. ಎಂಟನೆಯ ದಿನ ಮಾತ್ರ ಇಳಿಯಲೇ ಇಲ್ಲ. ನನ್ನ ಮುಖ ನೋಡುತ್ತ ಕೂತೇ ಇದ್ದ. ಹೊತ್ತು ಮುಳುಗುವಾಗ, "ಇನ್ನೊಮ್ಮೆ ತಗಿ" ಎಂದ. ನನಗೆ ಸಿಟ್ಟು ಬಂದು ನಾಲಿಗೆಯನ್ನೂ ಚಾಚಿದೆ. ಅಪ್ಪ ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಹೋದಾಗಲೂ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಈಗ ಕಿವಿ ಚುಚ್ಚದೆಯೇ ಒತ್ತಿ ಹಾಕುವ ಓಲೆಗಳು ಅಂಗಡಿಯಲ್ಲೇ ಸಿಗುತ್ತವೆ. ಮೊಮ್ಮಕ್ಕಳು ನೀವು ದಿನಕ್ಕೊಂದು ಬಣ್ಣದವು ಹಾಕಿಕೊಳ್ಳುತ್ತೀರಿ, ಯಾರೂ ನಗುವುದಿಲ್ಲ. ಮೊಣಕಾಲು ತರಚಿದರೆ ಧನುರ್ವಾಯು ಬಾರದಿರಲೆಂದು ದವಾಖಾನೆಯಲ್ಲಿ ಒಂದು ಸೂಜಿ ಹಾಕುತ್ತಾರೆ. ಅಷ್ಟಕ್ಕೇ ಊರೆಲ್ಲ ಕೇಳುವಂತೆ ಬಾಯಿ ತೆರೆದು ಅಳುತ್ತೀರಿ. ಅಜ್ಜಿ ಸಮಾಧಾನ ಮಾಡುವುದಿಲ್ಲ, ಸುಮ್ಮನೆ ನೋಡುತ್ತ ಕೂರುತ್ತಾಳೆ ಎಂದು ನಿಮ್ಮ ದೂರು. ಅತ್ತುಕೊಳ್ಳಿ ಮಕ್ಕಳೇ. ಅಷ್ಟಗಲ ತೆರೆದ ಬಾಯಿ ನೋಡಿದರೆ ನನ್ನ ಜೀವ ತಣ್ಣಗಾಗುತ್ತದೆ.