ನೋವು ನೋಡುವ ದಿನ

ಯಲಹಂಕದ ನಮ್ಮ ಆಸ್ಪತ್ರೆಯಲ್ಲಿ ಅಪಘಾತ ವಿಭಾಗವನ್ನೂ, ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ನೋವು ತಗ್ಗಿಸುವ ಸೇವೆಯನ್ನೂ ಒಂದೇ ವರ್ಷ ಶುರು ಮಾಡಿದರು. ವ್ಯಾನು ಮಾತ್ರ ಒಂದೇ. ಹಿರಿಯ ನರ್ಸ್ ಎಂದು ಎರಡನ್ನೂ ಹೊಂದಿಸುವ ಕೆಲಸ ನನ್ನ ತಲೆಗೆ ಕಟ್ಟಿದರು. ಅಪಘಾತದ ಕರೆ ಬಂದರೆ ವ್ಯಾನು ಮೊದಲು ಅಲ್ಲಿಗೆ, ಮನೆಭೇಟಿ ಆಮೇಲೆ ಎಂದು ಬೋರ್ಡಿನ ಮೇಲೆ ಬರೆದವಳು ನಾನೇ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಡೀಸೆಲ್ ಬೇಕಿಲ್ಲವಲ್ಲ.

ರಾಜಾನುಕುಂಟೆಯಲ್ಲಿ ಒಬ್ಬ ಹೆಂಗಸಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ತಪ್ಪದೆ ಕೊಡಬೇಕಿತ್ತು, ಕೊಡುತ್ತಿದ್ದವರು ಗಂಡ. ಹಿಂದಿನ ಸಂಜೆ ಅವರಿಗೆ ಫೋನ್ ಮಾಡಿ, "ನಾಳೆ ಒಂಬತ್ತಕ್ಕೆ ಡಾಕ್ಟರ್ ಬಂದು ನೋವು ಎಷ್ಟಿದೆ ಅಂತ ನೋಡ್ತಾರೆ" ಎಂದಿದ್ದೆ. ದಿನಾ ಹೇಳುವ ಮಾತು, ಅದರಲ್ಲಿ ಯೋಚಿಸುವುದೇನೂ ಕಂಡಿರಲಿಲ್ಲ.

ಮರುದಿನ ಹೊರಡುವಷ್ಟರಲ್ಲಿ ಹೆಬ್ಬಾಳದ ಕಡೆಯಿಂದ ಕರೆ ಬಂತು, ಬೈಕಿಗೆ ಲಾರಿ ಗುದ್ದಿದೆ ಎಂದು. ವ್ಯಾನೂ ಡಾಕ್ಟರೂ ಅತ್ತ ಹೋದರು. ಗಾಯಾಳು ಉಳಿದುಕೊಂಡ. ತಡವಾಗುತ್ತದೆ ಎಂದು ರಾಜಾನುಕುಂಟೆಗೆ ತಿಳಿಸಿದಾಗ ಗಂಡ, "ಪರ್ವಾಗಿಲ್ಲ, ಕಾಯ್ತೀವಿ" ಎಂದಷ್ಟೇ ಹೇಳಿದ್ದರು. ನಾವು ಮುಟ್ಟಿದಾಗ ಹನ್ನೆರಡೂವರೆ.

ಗೇಟಿನ ಹತ್ತಿರವೇ ಕೂಗು ಕೇಳಿಸಿತು. ಒಳಗೆ ಆಕೆ ಮಂಚದ ಪಟ್ಟಿ ಹಿಡಿದುಕೊಂಡು ನಡುಗುತ್ತಿದ್ದರು. ಮಾತ್ರೆಗಳು ಗೋಡೆಯ ಗೂಡಿನಲ್ಲಿ ಹಾಗೇ ಇದ್ದವು.

"ಯಾಕೆ ಕೊಟ್ಟಿಲ್ಲ?" ನನ್ನ ದನಿ ಏರಿತು.

"ಆರು ಗಂಟೇದೂ ಕೊಟ್ಟಿಲ್ಲ, ಹತ್ತು ಗಂಟೇದೂ ಕೊಟ್ಟಿಲ್ಲ ಕಣಮ್ಮ," ಗಂಡ ಹೇಳಿದರು. "ನುಂಗಿದ್ರೆ ನೋವು ಮುಚ್ಚೋಯ್ತದೆ. ಆಮೇಲೆ ಡಾಕ್ಟ್ರು ಏನ್ ನೋಡ್ತಾರೆ? ಅದುಕ್ಕೇ ಇಂಗೆ ತಡ್ಕೊಂಡವ್ಳೆ."

ಡಾಕ್ಟರಿಗೆ ಕಾಯಿಲೆ ಕಾಣಲಿ ಎಂದು ಮಾತ್ರೆ ಬಿಟ್ಟು ಬರುವವರನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ನನ್ನ ಅಮ್ಮನೂ ಜ್ವರದಲ್ಲಿ ಹಾಗೇ ಮಾಡುತ್ತಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ಫೋನಿನಲ್ಲಿ, ಮಾತ್ರೆ ನಿಲ್ಲಿಸಬೇಡಿ ಎಂಬ ಒಂದು ಮಾತು ಸೇರಿಸಲಿಲ್ಲ. ಅದರ ಮೇಲೆ ಆ ಮನುಷ್ಯನ ಮೇಲೆ ರೇಗಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಡಾಕ್ಟರ್ ಚುಚ್ಚುಮದ್ದು ಕೊಟ್ಟರು. ನೋವು ಇಳಿಯುವವರೆಗೆ ನಾನು ಪಕ್ಕದಲ್ಲೇ ಕೂತಿದ್ದೆ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸುವಾಗ ಆಕೆ ಕಣ್ಣು ತೆರೆದು ಮೆಲ್ಲಗೆ ಕೇಳಿದರು:

"ನಾನು ಬಾಯಲ್ಲಿ ಯೋಳಿದ್ರೆ ನೀವು ನಂಬ್ತಿರ್ಲಿಲ್ವಾ, ತಾಯಿ?"